ಪಿಯಾನೊ ವಾದನ ಮತ್ತು ಬೋಧನೆ: ಅಮೆರಿಕದ ಸ್ನಾತಕೋತ್ತರ ವ್ಯಾಸಂಗಕ್ಕೊಂದು ಕೈಪಿಡಿ

ಪಿಯಾನೊ ಪೆಡಗಾಜಿ ಎಂದರೆ ಪಿಯಾನೊ ಕಲಿಸುವುದನ್ನೇ ಒಂದು ವಿದ್ಯೆಯಾಗಿ ಓದುವುದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಓದು ವಾದನದ ಜೊತೆ ಸೇರಿ ಎರಡು ವರ್ಷಗಳ ಸ್ನಾತಕೋತ್ತರ ಪದವಿಯಾಗಿದೆ; ಕೆಲವೆಡೆ ಡಾಕ್ಟರೇಟ್‌ವರೆಗೂ ಬೆಳೆದಿದೆ. ಇದಕ್ಕೆ ಸೇರಿದವರು ಬಾಖ್, ಬೀಥೋವನ್, ಶೋಪಾನ್ ಅವರ ಕೃತಿಗಳನ್ನು ಕಛೇರಿಯ ಮಟ್ಟಕ್ಕೆ ಸಾಧಿಸುತ್ತಾರೆ. ಅದರ ಜೊತೆಗೇ ಆರು ವರ್ಷದ ಮಗುವಿಗೆ ಮೊದಲ ಪಾಠ ಹೇಗೆ ಹೇಳಬೇಕು, ನಿವೃತ್ತಿಯ ನಂತರ ಕಲಿಯಲು ಬಂದವರಿಗೆ ಸ್ವರಲಿಪಿ ಓದುವುದನ್ನು ಹೇಗೆ ರೂಢಿಸಬೇಕು ಎಂಬುದನ್ನು ಅನುಭವಿ ಶಿಕ್ಷಕರ ಕಣ್ಣೆದುರಿನಲ್ಲೇ ಪಾಠ ಹೇಳಿ ಕಲಿಯುತ್ತಾರೆ.

ಪಿಯಾನೊದಲ್ಲಿ ಉನ್ನತ ಪದವಿ ಪಡೆದವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ಘಟ್ಟದಲ್ಲಿ ಪಾಠ ಹೇಳುತ್ತಾರೆ. ಎಷ್ಟೋ ಜನರಿಗೆ ಅದೇ ಜೀವನಾಧಾರ. ಹೀಗಿರುವಾಗ ಬೋಧನೆಯ ತರಬೇತಿಯನ್ನು ವಾದನದಲ್ಲಿ ಮುಂದೆ ಬರಲಾಗದವರ ದಾರಿ ಎಂದು ಎಣಿಸುವುದು ಸರಿಯಲ್ಲ. ಒಂದು ಕೃತಿಯನ್ನು ಇನ್ನೊಬ್ಬರ ಕೈಗೆ ಹತ್ತಿಸಬೇಕಾದರೆ ಅದರ ಪ್ರತಿಯೊಂದು ಕಷ್ಟಕ್ಕೂ ಕಾರಣ ಗೊತ್ತಿರಬೇಕು. ಆ ತಿಳಿವಳಿಕೆ ಸ್ವಂತ ವಾದನವನ್ನೂ ತಿದ್ದುತ್ತದೆ. ಯಾವ ಪದವಿ, ಯಾವ ಶಾಲೆ ಎಂದು ನಿರ್ಧರಿಸುವಾಗ ಈ ಎರಡು ವಿದ್ಯೆಗಳು ಅಲ್ಲಿ ಎಷ್ಟರ ಮಟ್ಟಿಗೆ ಕೂಡಿಕೊಂಡಿವೆ ಎಂಬುದನ್ನೇ ಮುಖ್ಯವಾಗಿ ನೋಡಬೇಕು.

ಬೋಧನೆ ಶಾಸ್ತ್ರವಾದ ಬಗೆ

ಕೀಲಿಮಣೆ ವಾದ್ಯಗಳನ್ನು ಕಲಿಸುವ ಕ್ರಮವನ್ನು ಬರೆದಿಡುವ ಪರಿಪಾಠ ಯುರೋಪಿನಲ್ಲಿ ಹಳೆಯದು. ಫ್ರಾನ್ಸಿನ ಫ್ರಾಂಸ್ವಾ ಕೂಪೆರಾಂ 1716ರಲ್ಲಿ ಹಾರ್ಪ್ಸಿಕಾರ್ಡ್ ವಾದನದ ಬಗ್ಗೆ ಗ್ರಂಥ ಬರೆದರು. ಬಾಖ್ ಅವರ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ ಅವರ ಗ್ರಂಥದ ಮೊದಲ ಭಾಗ 1753ರಲ್ಲಿ ಹೊರಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯೆ ಗುರುಪರಂಪರೆಯಾಗಿ ಹರಿಯಿತು. ಬೀಥೋವನ್ ಅವರ ಶಿಷ್ಯ ಕಾರ್ಲ್ ಚೆರ್ನಿ. ಚೆರ್ನಿಯವರ ಶಿಷ್ಯರು ಫ್ರಾಂಜ್ ಲಿಸ್ಟ್ ಮತ್ತು ತಿಯೊಡೋರ್ ಲೆಶೆಟಿಟ್ಸ್ಕಿ. ಲೆಶೆಟಿಟ್ಸ್ಕಿಯವರ ಶಿಷ್ಯರು ಪಾಡೆರೆವ್ಸ್ಕಿ ಮತ್ತು ಆರ್ಟುರ್ ಶ್ನಾಬೆಲ್. ಈ ಪರಂಪರೆಯ ಕೀರ್ತಿ ಬಹುಮಟ್ಟಿಗೆ ಪ್ರತಿಭೆ ಆಗಲೇ ಅರಳಿದ್ದ ಶಿಷ್ಯರಿಂದ ಬಂದದ್ದು. ಸಾಧಾರಣ ಮನೆಯ ಮಗುವಿಗೆ ಮೊದಲ ವರ್ಷ ಏನನ್ನು, ಯಾವ ಕ್ರಮದಲ್ಲಿ ಹೇಳಿಕೊಡಬೇಕು ಎಂಬ ಪ್ರಶ್ನೆ ಬೇರೆಯೇ ಆಗಿತ್ತು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಶಿಕ್ಷಕರೇ ಒಟ್ಟುಗೂಡಿ ಉತ್ತರ ಹುಡುಕಿದರು. 1876ರಲ್ಲಿ ಓಹಾಯೊ ರಾಜ್ಯದ ಡೆಲವೇರ್ ಎಂಬ ಊರಿನಲ್ಲಿ ತಿಯೊಡೋರ್ ಪ್ರೆಸರ್ ಅವರ ಮುಂದಾಳತನದಲ್ಲಿ ಮ್ಯೂಸಿಕ್ ಟೀಚರ್ಸ್ ನ್ಯಾಷನಲ್ ಅಸೋಸಿಯೇಷನ್ ಹುಟ್ಟಿತು. ಎಂಟಿಎನ್‌ಎ ಎಂದು ಕರೆಯುವ ಈ ಸಂಘ ಇಂದಿಗೂ ಸಂಗೀತ ಶಿಕ್ಷಕರಿಗೆ ವೃತ್ತಿಪರ ಪ್ರಮಾಣಪತ್ರ ನೀಡುತ್ತದೆ. ಸಂಗೀತ ಶಾಲೆಗಳ ಗುಣಮಟ್ಟ ನೋಡುವ ನ್ಯಾಷನಲ್ ಅಸೋಸಿಯೇಷನ್ ಆಫ್ ಸ್ಕೂಲ್ಸ್ ಆಫ್ ಮ್ಯೂಸಿಕ್ 1924ರಲ್ಲಿ ಆರಂಭವಾಯಿತು.

ಪಿಯಾನೊ ಬೋಧನೆಗೆ ಕಾಲೇಜಿನ ಪಠ್ಯಕ್ರಮದಲ್ಲಿ ಗಟ್ಟಿ ಸ್ಥಾನ ಕೊಡಿಸಿದವರಲ್ಲಿ ಫ್ರಾನ್ಸಿಸ್ ಕ್ಲಾರ್ಕ್ (1905–1998) ಪ್ರಮುಖರು. ಅವರ ಆರಂಭಿಕ ಪಠ್ಯ 'ಟೈಮ್ ಟು ಬಿಗಿನ್' 1955ರಲ್ಲಿ ಬಂತು. 1960ರಲ್ಲಿ ಲೂಯಿಸ್ ಗಾಸ್ ಅವರ ಜೊತೆಗೂಡಿ ನ್ಯೂಜೆರ್ಸಿಯಲ್ಲಿ ನ್ಯೂ ಸ್ಕೂಲ್ ಫಾರ್ ಮ್ಯೂಸಿಕ್ ಸ್ಟಡಿ ಎಂಬ ಶಾಲೆ ತೆರೆದರು. ಮಕ್ಕಳು ಪಿಯಾನೊ ಕಲಿಯುವ ಆ ಜಾಗದಲ್ಲೇ ಶಿಕ್ಷಕರಾಗುವವರು ಕಲಿಸುವುದನ್ನೂ ಕಲಿತರು. ಮೊದಲು ನಾದ ಕಿವಿಗೆ ಬೀಳಬೇಕು, ಆಮೇಲೆ ಬೆರಳಿಗೆ ಸಿಗಬೇಕು, ಅನಂತರ ಅದರ ಚಿಹ್ನೆ ಕಾಣಬೇಕು, ಹೆಸರು ಕೊನೆಗೆ ಬರಬೇಕು ಎಂಬುದು ಕ್ಲಾರ್ಕ್ ಅವರ ಕ್ರಮ. ಇದೇ ಕಾಲಕ್ಕೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ರಾಬರ್ಟ್ ಪೇಸ್ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿ ಕಲಿಸುವ ವಿಧಾನವನ್ನು ಬೆಳೆಸಿದರು. ಇಂದಿನ ಸ್ನಾತಕೋತ್ತರ ತರಗತಿಗಳ ಬುಡ ಇಲ್ಲಿದೆ.

ಪದವಿಗಳ ಬಗೆ

ಮಾಸ್ಟರ್ ಆಫ್ ಮ್ಯೂಸಿಕ್, ಅಂದರೆ ಎಂ.ಎಂ., ಮೊದಲ ಮೆಟ್ಟಿಲು. ಇದಕ್ಕೆ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್‌ಗಳು ಬೇಕು. ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ. ಇದರಲ್ಲೇ ಕವಲುಗಳಿವೆ. ವಾದನ ಮಾತ್ರ ಇರುವ ಪದವಿಯಲ್ಲಿ ಏಕವ್ಯಕ್ತಿ ಕಛೇರಿಗಳೇ ಪ್ರಧಾನ. ವಾದನ ಮತ್ತು ಬೋಧನೆ ಕೂಡಿದ ಪದವಿಯಲ್ಲಿ ಕಛೇರಿಯೂ ಇರುತ್ತದೆ, ಎರಡು ಮೂರು ಪೆಡಗಾಜಿ ಕೋರ್ಸುಗಳೂ ಬೋಧನಾಭ್ಯಾಸವೂ ಇರುತ್ತವೆ. ಗಾಯಕರಿಗೂ ಬೇರೆ ವಾದ್ಯಗಾರರಿಗೂ ಜೊತೆ ನುಡಿಸುವುದನ್ನೇ ಮುಖ್ಯವಾಗಿ ಕಲಿಸುವ ಕೊಲ್ಯಾಬರೇಟಿವ್ ಪಿಯಾನೊ ಇನ್ನೊಂದು ಕವಲು.

ಡಾಕ್ಟರ್ ಆಫ್ ಮ್ಯೂಸಿಕಲ್ ಆರ್ಟ್ಸ್, ಡಿ.ಎಂ.ಎ., ಕಲಾವಿದರಿಗಾಗಿ ರೂಪಿಸಿದ ಡಾಕ್ಟರೇಟ್. 1950ರ ದಶಕದಲ್ಲಿ ರೂಢಿಗೆ ಬಂದ ಈ ಪದವಿಯಲ್ಲಿ ಹಲವು ಕಛೇರಿಗಳು, ಲಿಖಿತ ಹಾಗೂ ಮೌಖಿಕ ಸಮಗ್ರ ಪರೀಕ್ಷೆಗಳು ಮತ್ತು ಒಂದು ಪ್ರಬಂಧ ಇರುತ್ತವೆ. ಪ್ರಬಂಧದ ಬದಲು ಅಥವಾ ಅದರ ಜೊತೆಗೆ ಸೋದಾಹರಣ ಉಪನ್ಯಾಸ ಕೇಳುವ ಕಡೆಗಳೂ ಇವೆ. ಸ್ನಾತಕೋತ್ತರದ ನಂತರ ಇದಕ್ಕೆ ಮೂರರಿಂದ ನಾಲ್ಕು ವರ್ಷ ಬೇಕಾಗುತ್ತದೆ.

ಸಂಗೀತ ಶಿಕ್ಷಣದಲ್ಲಿ ಪಿಎಚ್.ಡಿ. ಮಾಡಿ ಅದರಲ್ಲಿ ಪಿಯಾನೊ ಬೋಧನೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶ ಓಕ್ಲಹೋಮ, ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳಂಥ ಕಡೆ ಇದೆ. ಇಲ್ಲಿ ಸಂಶೋಧನೆಯ ವಿಧಾನ, ಕಲಿಕೆಯ ಮನಃಶಾಸ್ತ್ರ, ಅಂಕಿ ಅಂಶಗಳ ವಿಶ್ಲೇಷಣೆ ಮುಖ್ಯ. ಆರ್ಟಿಸ್ಟ್ ಡಿಪ್ಲೊಮಾ ಎಂಬುದು ಬರಿಯ ವಾದನದ ಉನ್ನತ ಸಾಧನೆಗೆ ಮೀಸಲು. ಅದು ವೇದಿಕೆಗೆ ಸಜ್ಜು ಮಾಡುತ್ತದೆ. ಪದವಿ ಕೇಳುವ ಅಧ್ಯಾಪಕ ಹುದ್ದೆಗೆ ಅದೊಂದೇ ಸಾಲುವುದು ಕಷ್ಟ.

ಎರಡು ವರ್ಷದಲ್ಲಿ ಕಲಿಯುವುದು

ಓದಿನ ನಡುಗಂಬ ವಾರಕ್ಕೊಮ್ಮೆ ಗುರುವಿನ ಎದುರು ಕೂತು ಕಲಿಯುವ ಒಂದು ಗಂಟೆಯ ಪಾಠ. ಇದಕ್ಕೆ ಪ್ರತಿದಿನ ಗಂಟೆಗಟ್ಟಲೆ ಅಭ್ಯಾಸ ಬೇಕು. ಒಬ್ಬ ಗುರುವಿನ ಎಲ್ಲ ವಿದ್ಯಾರ್ಥಿಗಳೂ ಸೇರುವ ಸ್ಟುಡಿಯೊ ತರಗತಿಯಲ್ಲಿ ಒಬ್ಬರ ಮುಂದೆ ಒಬ್ಬರು ನುಡಿಸಿ ಅಭಿಪ್ರಾಯ ಕೇಳುತ್ತಾರೆ. ಪದವಿಯ ಕೊನೆಗೆ ಸುಮಾರು ಒಂದು ಗಂಟೆಯ ಕಛೇರಿ ಕೊಡಬೇಕು. ವಾದನದ ಕವಲಿನಲ್ಲಿ ಇಂಥ ಕಛೇರಿ ಎರಡು ಇರುವುದುಂಟು. ಬೋಧನೆಯ ಕವಲಿನಲ್ಲಿ ಎರಡನೆಯದರ ಜಾಗಕ್ಕೆ ಸೋದಾಹರಣ ಉಪನ್ಯಾಸವೋ ಶಿಕ್ಷಕರಿಗಾಗಿ ನಡೆಸುವ ಕಾರ್ಯಾಗಾರವೋ ಬರಬಹುದು.

ಪೆಡಗಾಜಿ ತರಗತಿಯ ಮೊದಲ ಭಾಗ ಹೊಸದಾಗಿ ಕಲಿಯುವವರಿಗೆ ಸಂಬಂಧಿಸಿದ್ದು. ಸ್ವರಲಿಪಿ ಓದಿಸಲು ಬಳಕೆಯಲ್ಲಿರುವ ಮೂರು ಪ್ರಮುಖ ಕ್ರಮಗಳನ್ನು ವಿದ್ಯಾರ್ಥಿಗಳು ಪುಸ್ತಕ ಸಮೇತ ಹೋಲಿಸಿ ನೋಡುತ್ತಾರೆ. ಮೊದಲನೆಯದರಲ್ಲಿ ಎರಡೂ ಹೆಬ್ಬೆರಳುಗಳು ಮಣೆಯ ನಡುವಿನ 'ಸಿ' ಸ್ವರದ ಮೇಲೆ ಕೂರುತ್ತವೆ, ಪಾಠ ಅಲ್ಲಿಂದ ಎರಡೂ ಕಡೆಗೆ ಹರಡುತ್ತದೆ. ಜಾನ್ ಥಾಂಪ್ಸನ್ ಅವರ 1936ರ ಆರಂಭಿಕ ಪುಸ್ತಕ ಇದನ್ನು ಮನೆಮನೆಗೆ ಮುಟ್ಟಿಸಿತು. ಎರಡನೆಯದರಲ್ಲಿ ಮಗು ಆರಂಭದಿಂದಲೇ ಹಲವು ಶ್ರುತಿಗಳಲ್ಲಿ ಐದು ಬೆರಳಿನ ಜಾಗಗಳನ್ನು ಕಲಿಯುತ್ತದೆ. ಪೇಸ್ ಅವರ ಪಠ್ಯಗಳು ಈ ಬಗೆಯವು. ಮೂರನೆಯದು ಕ್ಲಾರ್ಕ್ ಅವರದು. ಅದರಲ್ಲಿ ಕೆಲವೇ ಗುರುತಿನ ಸ್ವರಗಳನ್ನು ಗಟ್ಟಿ ಮಾಡಿಸಿ, ಉಳಿದವನ್ನು ಅವುಗಳಿಂದ ಎಷ್ಟು ದೂರ, ಮೇಲೋ ಕೆಳಗೋ ಎಂದು ನೋಡಿ ಓದಿಸುತ್ತಾರೆ. ಮೊದಲನೆಯ ಕ್ರಮದಲ್ಲಿ ಮಗು ಸ್ವರವನ್ನು ಬೆರಳಿನ ಸಂಖ್ಯೆಗೆ ಕಟ್ಟಿಹಾಕಿಕೊಳ್ಳುವ ಅಪಾಯವಿದೆ. ಎರಡನೆಯದರಲ್ಲಿ ಕೈ ಒಂದೇ ಐದು ಸ್ವರಗಳ ಚೌಕಟ್ಟಿಗೆ ಒಗ್ಗಿಹೋಗುತ್ತದೆ. ಮೂರನೆಯದರಲ್ಲಿ ಸ್ವರಗಳ ಹೆಸರು ಬಾಯಿಗೆ ಬರುವುದು ನಿಧಾನ. ಯಾವ ಮಗುವಿಗೆ ಯಾವುದು ಒಗ್ಗೀತು, ಒಗ್ಗದಿದ್ದರೆ ಹೇಗೆ ಬದಲಿಸಬೇಕು ಎಂದು ನಿರ್ಧರಿಸುವ ವಿವೇಕವೇ ಈ ಪಾಠದ ಗುರಿ.

ಎರಡನೆಯ ಭಾಗ ಮಧ್ಯಮ ಹಂತದ ವಿದ್ಯಾರ್ಥಿಗಳದ್ದು. ಕಲಿಯುವವರು ಬಿಟ್ಟುಹೋಗುವುದೂ, ಕೆಟ್ಟ ಅಭ್ಯಾಸಗಳು ಬೇರೂರುವುದೂ ಹೆಚ್ಚಾಗಿ ಈ ಹಂತದಲ್ಲೇ. ಹಾಗಾಗಿ ಇಲ್ಲಿ ಕೃತಿಗಳ ಆಯ್ಕೆಗೆ ಬಹಳ ಬೆಲೆ. ಅನ್ನಾ ಮಾಗ್ಡಲೇನಾ ಬಾಖ್ ಅವರ 1725ರ ಪುಸ್ತಕದಲ್ಲಿರುವ ಮಿನುಯೆಟ್‌ಗಳು, ಕ್ಲೆಮೆಂಟಿಯವರ ಓಪಸ್ 36ರ ಸೊನಾಟಿನಾಗಳು, ಶೂಮನ್ 1848ರಲ್ಲಿ ಮಕ್ಕಳಿಗಾಗಿ ರಚಿಸಿದ ಓಪಸ್ 68, ಚೈಕೊವ್ಸ್ಕಿಯವರ 1878ರ ಓಪಸ್ 39, ಆರು ಸಂಪುಟಗಳಲ್ಲಿ 153 ರಚನೆಗಳಿರುವ ಬಾರ್ಟೊಕ್ ಅವರ 'ಮಿಕ್ರೊಕಾಸ್ಮೊಸ್' ಈ ಹಂತದ ಆಸ್ತಿ. ಪ್ರತಿಯೊಂದೂ ಯಾವ ಕೌಶಲವನ್ನು ಕೇಳುತ್ತದೆ, ಅದಕ್ಕಿಂತ ಮುಂಚೆ ಏನು ಬಂದಿರಬೇಕು ಎಂದು ವಿದ್ಯಾರ್ಥಿಗಳು ಪಟ್ಟಿ ಮಾಡುತ್ತಾರೆ. ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಜೇನ್ ಮಗ್ರಾತ್ ಅವರ 1995ರ ಮಾರ್ಗದರ್ಶಿ ಬೋಧನೆಗೆ ಬಳಸುವ ಕೃತಿಗಳನ್ನು ಹತ್ತು ಮಟ್ಟಗಳಾಗಿ ವಿಂಗಡಿಸಿದೆ. ಇಂಥ ವಿಂಗಡಣೆಯನ್ನು ಒಪ್ಪುವುದೋ ಪ್ರಶ್ನಿಸುವುದೋ, ಎರಡಕ್ಕೂ ಕಾರಣ ಕೊಡಲು ಕಲಿಯುವುದು ತರಗತಿಯ ಕೆಲಸ.

ಬೋಧನಾಭ್ಯಾಸ ಈ ಪದವಿಯ ನಿಜವಾದ ಪರೀಕ್ಷೆ. ವಿಶ್ವವಿದ್ಯಾಲಯದ ಆಶ್ರಯದಲ್ಲಿ ಊರಿನ ಮಕ್ಕಳಿಗಾಗಿ ನಡೆಯುವ ಸಂಗೀತ ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಕೆಲವು ಮಕ್ಕಳನ್ನು ವಹಿಸುತ್ತಾರೆ. ಪಾಠದ ಯೋಜನೆಯನ್ನು ಮುಂಚೆಯೇ ಬರೆದು ತೋರಿಸಬೇಕು. ಪಾಠದ ವಿಡಿಯೊ ತೆಗೆದು ಆಮೇಲೆ ಪ್ರಾಧ್ಯಾಪಕರ ಜೊತೆ ಕೂತು ನೋಡಬೇಕು. ಮೂವತ್ತು ನಿಮಿಷದಲ್ಲಿ ಮಗು ನುಡಿಸಿದ್ದು ಎಷ್ಟು ಹೊತ್ತು, ಶಿಕ್ಷಕರು ಮಾತಾಡಿದ್ದು ಎಷ್ಟು ಹೊತ್ತು? ತಪ್ಪು ಸ್ವರ ಬಿದ್ದಾಗ ಉತ್ತರವನ್ನು ಹೇಳಿಬಿಟ್ಟರೋ, ಮಗುವೇ ಕೇಳಿ ಕಂಡುಕೊಳ್ಳುವಂತೆ ಮಾಡಿದರೋ? ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು, ಹೇಗೆ ಮಾಡಬೇಕು ಎಂಬುದು ಮಗುವಿಗೆ ತಿಳಿದು ಹೊರಟಿತೋ? ಇಂಥ ಪ್ರಶ್ನೆಗಳಿಗೆ ವಿಡಿಯೊ ಕೊಡುವ ಉತ್ತರ ಕಟುವಾಗಿರುತ್ತದೆ, ಉಪಯುಕ್ತವೂ ಆಗಿರುತ್ತದೆ. ಒಳ್ಳೆಯ ವಾದಕರು ತಾವಾಗಿಯೇ ಒಳ್ಳೆಯ ಶಿಕ್ಷಕರಾಗುವುದಿಲ್ಲ ಎಂಬುದು ಅರ್ಥವಾಗುವುದೂ, ಆ ಕೊರತೆ ತುಂಬಿಕೊಳ್ಳುವ ದಾರಿ ಕಾಣುವುದೂ ಇಲ್ಲೇ.

ಗುಂಪು ಪಿಯಾನೊ ಇನ್ನೊಂದು ಮುಖ್ಯ ವಿಷಯ. ಅಮೆರಿಕದಲ್ಲಿ ಸಂಗೀತ ಪದವಿ ಓದುವವರು ಪಿಟೀಲಿನವರಾಗಲಿ, ಟ್ರಂಪೆಟ್‌ನವರಾಗಲಿ, ಗಾಯಕರಾಗಲಿ, ಕೀಲಿಮಣೆಯ ಮೇಲೆ ಒಂದು ಮಟ್ಟದ ಹಿಡಿತ ಸಾಧಿಸಲೇಬೇಕು. ಅವರಿಗಾಗಿ ಹಲವು ಡಿಜಿಟಲ್ ಪಿಯಾನೊಗಳಿಗೆ ಹೆಡ್‌ಫೋನ್ ಜೋಡಿಸಿದ ಪ್ರಯೋಗಶಾಲೆಯಂಥ ಕೋಣೆಯಲ್ಲಿ ತರಗತಿ ನಡೆಯುತ್ತದೆ. ನೋಡಿದೊಡನೆ ನುಡಿಸುವುದು, ಒಂದು ರಾಗಸಾಲಿಗೆ ಸ್ವರಮೇಳ ಕೂಡಿಸುವುದು, ಶ್ರುತಿ ಬದಲಿಸಿ ನುಡಿಸುವುದು ಅಲ್ಲಿನ ಪಾಠ. ಈ ತರಗತಿಗಳನ್ನು ನಡೆಸುವವರು ಹೆಚ್ಚಾಗಿ ಪಿಯಾನೊ ಸ್ನಾತಕೋತ್ತರ ವಿದ್ಯಾರ್ಥಿಗಳೇ. ಅವರ ಶುಲ್ಕಕ್ಕೆ ನೆರವು ಹುಟ್ಟುವುದೂ ಬಹುಮಟ್ಟಿಗೆ ಈ ಕೆಲಸದಿಂದಲೇ.

ಇವುಗಳ ಜೊತೆಗೆ ಪಿಯಾನೊ ಸಾಹಿತ್ಯ, ಸಂಗೀತ ವಿಶ್ಲೇಷಣೆ, ಸಂಗೀತ ಚರಿತ್ರೆ, ಗ್ರಂಥಾಲಯ ಬಳಸಿ ಸಂಶೋಧನೆ ಮಾಡುವ ಕ್ರಮ, ಇತರ ವಾದ್ಯಗಳ ಜೊತೆ ಸೇರಿ ನುಡಿಸುವ ಚೇಂಬರ್ ಸಂಗೀತ ಇರುತ್ತವೆ.

ಅರ್ಹತೆ

ಎಂ.ಎಂ. ಸೇರಲು ಸಾಮಾನ್ಯವಾಗಿ ಸಂಗೀತದಲ್ಲಿ ಪದವಿ ಅಥವಾ ಅದಕ್ಕೆ ಸಮನಾದ ಓದು ಬೇಕು. ಭಾರತದಲ್ಲಿ ಓದಿದವರಿಗೆ ಮೊದಲ ತೊಡಕು ಎದುರಾಗುವುದು ಇಲ್ಲಿ. ಪಾಶ್ಚಾತ್ಯ ಸಂಗೀತದಲ್ಲಿ ಪೂರ್ಣ ಪ್ರಮಾಣದ ಪದವಿ ಕೊಡುವ ಸಂಸ್ಥೆಗಳು ನಮ್ಮಲ್ಲಿ ಕಡಿಮೆ. ಮೂರು ವರ್ಷದ ಪದವಿಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಂದೇ ರೀತಿ ಒಪ್ಪುವುದಿಲ್ಲ. ಹೀಗಾಗಿ ಅರ್ಜಿ ತುಂಬುವ ಮೊದಲೇ ಪ್ರವೇಶ ವಿಭಾಗಕ್ಕೆ ಅಂಕಪಟ್ಟಿ ಕಳಿಸಿ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಪಿಯಾನೊ ಕಲಿಯುವವರು ಹೆಚ್ಚಾಗಿ ಲಂಡನ್ನಿನ ಎಬಿಆರ್‌ಎಸ್‌ಎಂ ಅಥವಾ ಟ್ರಿನಿಟಿ ಪರೀಕ್ಷೆಗಳನ್ನು ಕಟ್ಟುತ್ತಾರೆ. ಎಂಟನೆಯ ಗ್ರೇಡ್ ಮುಗಿದರೆ ಸ್ನಾತಕೋತ್ತರಕ್ಕೆ ಸಿದ್ಧವಾದಂತೆ ಎಂದು ತಿಳಿಯಬಾರದು. ಅದು ಪದವಿ ತರಗತಿಯ ಬಾಗಿಲಿನ ಮಟ್ಟ. ಅದರ ಮೇಲಿನ ಡಿಪ್ಲೊಮಾಗಳಲ್ಲಿ ಎಲ್‌ಟಿಸಿಎಲ್ ಮತ್ತು ಎಲ್‌ಆರ್‌ಎಸ್‌ಎಂ ಬ್ರಿಟನ್ನಿನ ಅರ್ಹತಾ ಚೌಕಟ್ಟಿನಲ್ಲಿ ಆರನೆಯ ಮಟ್ಟದವು, ಅಂದರೆ ಪದವಿಯ ಕೊನೆಯ ವರ್ಷದ ಕಠಿಣತೆಯವು. ಇವು ವಾದನದ ಮಟ್ಟಕ್ಕೆ ಒಳ್ಳೆಯ ಸಾಕ್ಷಿ. ಆದರೆ ಪದವಿ ಪ್ರಮಾಣಪತ್ರದ ಜಾಗವನ್ನು ಇವು ತುಂಬುವುದಿಲ್ಲ. ಬೇರೆ ವಿಷಯದಲ್ಲಿ ಪದವಿ ಪಡೆದು ಡಿಪ್ಲೊಮಾ ಇರುವವರಿಗೆ ಕೊರತೆ ಬಿದ್ದ ಸಂಗೀತ ಶಾಸ್ತ್ರ, ಚರಿತ್ರೆ ಕೋರ್ಸುಗಳನ್ನು ಮೊದಲು ಮುಗಿಸುವ ಷರತ್ತಿನ ಮೇಲೆ ಪ್ರವೇಶ ಸಿಗಬಹುದು.

ಇಂಗ್ಲಿಷ್ ಪ್ರಾವೀಣ್ಯಕ್ಕೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇಕು. ಪಾಠ ಹೇಳುವ ಸಹಾಯಕ ಹುದ್ದೆಗೆ ಮಾತಿನ ವಿಭಾಗದಲ್ಲಿ ಹೆಚ್ಚಿನ ಅಂಕ ಕೇಳುವುದುಂಟು.

ಆಡಿಷನ್

ಪ್ರವೇಶವನ್ನು ನಿರ್ಧರಿಸುವುದು ಆಡಿಷನ್. ಹೆಚ್ಚಿನ ಕಡೆ ಮೊದಲು ಮುನ್ನೋಟದ ವಿಡಿಯೊ ಕೇಳುತ್ತಾರೆ. ಅದು ಒಪ್ಪಿಗೆಯಾದರೆ ನೇರ ಆಡಿಷನ್‌ಗೆ ಕರೆ ಬರುತ್ತದೆ. ದೂರದ ದೇಶದವರಿಗೆ ನೇರ ಆಡಿಷನ್ ಬದಲು ವಿಡಿಯೊವನ್ನೇ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ.

ನುಡಿಸಬೇಕಾದದ್ದು ಬೇರೆಬೇರೆ ಕಾಲದ ಕೃತಿಗಳು. ಬಾಖ್ ಅವರ ಒಂದು ಪ್ರಿಲ್ಯೂಡ್ ಮತ್ತು ಫ್ಯೂಗ್. ಹೈಡನ್, ಮೊಜಾರ್ಟ್ ಅಥವಾ ಬೀಥೋವನ್ ಅವರ ಒಂದು ಪೂರ್ಣ ಸೊನಾಟಾ. ಶೋಪಾನ್, ಶೂಮನ್, ಲಿಸ್ಟ್, ಬ್ರಾಮ್ಸ್ ಅವರಂಥ ರೊಮ್ಯಾಂಟಿಕ್ ಯುಗದವರ ಒಂದು ದೊಡ್ಡ ಕೃತಿ. ಇಪ್ಪತ್ತನೆಯ ಶತಮಾನದ ಅಥವಾ ಇಂದಿನ ಒಂದು ರಚನೆ. ಕೆಲವರು ಒಂದು ಕಠಿಣ ಎತ್ಯೂಡ್ ಕೂಡ ಕೇಳುತ್ತಾರೆ. ಸಾಮಾನ್ಯವಾಗಿ ಎಲ್ಲವನ್ನೂ ಸ್ವರಲಿಪಿ ನೋಡದೆ ನುಡಿಸಬೇಕು. ಇತ್ತೀಚಿನ ಕೃತಿಗಳಿಗೆ ಇದರಲ್ಲಿ ವಿನಾಯಿತಿ ಸಿಗಬಹುದು. ತೀರ್ಪುಗಾರರು ಕೃತಿಯ ನಡುವೆ ನಿಲ್ಲಿಸಿ ಇನ್ನೊಂದನ್ನು ಕೇಳುವುದು ವಾಡಿಕೆ. ಅದರಿಂದ ಎದೆಗುಂದಬೇಕಿಲ್ಲ. ಕೈಗೆ ಮೀರಿದ ಬಲ್ಲಾಡ್ ಒಂದನ್ನು ತಡವರಿಸುತ್ತಾ ನುಡಿಸುವುದಕ್ಕಿಂತ, ಹಿಡಿತದಲ್ಲಿರುವ ಹೈಡನ್ ಸೊನಾಟಾವನ್ನು ಸ್ಪಷ್ಟ ನಾದದಲ್ಲಿ, ಸ್ಥಿರ ಲಯದಲ್ಲಿ ನುಡಿಸುವುದೇ ಮೇಲು. ಕೇಳುವವರು ಕಲಿಯಬಲ್ಲ ಕಿವಿಯನ್ನು ಹುಡುಕುತ್ತಿರುತ್ತಾರೆ.

ವಿಡಿಯೊ ತೆಗೆಯುವಾಗ ಒಂದೇ ಕ್ಯಾಮೆರಾ ಅಲುಗದೆ ನಿಂತಿರಬೇಕು. ಮುಖ, ಕೈ, ಮಣೆ ಮೂರೂ ಕಾಣಬೇಕು. ಒಂದು ಕೃತಿಯ ನಡುವೆ ಕತ್ತರಿಸಿ ಜೋಡಿಸಬಾರದು. ಡಿಜಿಟಲ್ ಪಿಯಾನೊ ಸಲ್ಲದು. ಒಳ್ಳೆಯ ಗ್ರ್ಯಾಂಡ್ ಪಿಯಾನೊ ಇರುವ ಶಾಲೆ ಅಥವಾ ಸಭಾಂಗಣವನ್ನು ಮುಂಚೆಯೇ ಗೊತ್ತು ಮಾಡಿಕೊಂಡು, ಚಿತ್ರೀಕರಣಕ್ಕೆ ಮುನ್ನ ಶ್ರುತಿ ಮಾಡಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಪಿಯಾನೊದ ಶ್ರುತಿ ಬೇಗ ಕದಲುವುದರಿಂದ ಈ ಖರ್ಚನ್ನು ಉಳಿಸಲು ಹೋಗಬಾರದು.

ಬೋಧನೆಯ ಕವಲಿಗೆ ಅರ್ಜಿ ಹಾಕುವವರಿಂದ ಪಾಠ ಹೇಳುತ್ತಿರುವ ವಿಡಿಯೊ, ಬೋಧನೆಯ ಬಗ್ಗೆ ಒಂದು ಪುಟ್ಟ ಬರಹ ಕೇಳುವುದುಂಟು, ಸಂದರ್ಶನವೂ ಇರಬಹುದು. ಆದ್ದರಿಂದ ಊರಿನಲ್ಲಿ ಒಂದಿಬ್ಬರು ಮಕ್ಕಳಿಗಾದರೂ ನಿಯಮಿತವಾಗಿ ಪಾಠ ಹೇಳಿ, ಪೋಷಕರ ಒಪ್ಪಿಗೆ ಪಡೆದು ಅದನ್ನು ಚಿತ್ರೀಕರಿಸಿಟ್ಟುಕೊಳ್ಳುವುದು ಲೇಸು. ಪ್ರವೇಶ ಸಿಕ್ಕ ಮೇಲೂ ಸಂಗೀತ ಶಾಸ್ತ್ರ ಮತ್ತು ಚರಿತ್ರೆಯಲ್ಲಿ ಮಟ್ಟ ಅಳೆಯುವ ಪರೀಕ್ಷೆ ಇರುತ್ತದೆ. ಅದರಲ್ಲಿ ಹಿಂದೆ ಬಿದ್ದರೆ ಪದವಿಗೆ ಲೆಕ್ಕವಾಗದ ಪುನರಾವರ್ತನೆಯ ಕೋರ್ಸು ಓದಬೇಕಾಗುತ್ತದೆ.

ವರ್ಷದ ಲೆಕ್ಕಾಚಾರ

ತರಗತಿಗಳು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತವೆ. ತಯಾರಿ ಅದಕ್ಕಿಂತ ಒಂದೂವರೆ ವರ್ಷ ಮೊದಲೇ ಶುರುವಾದರೆ ಚೆನ್ನ.

• ಹಿಂದಿನ ವರ್ಷದ ಮೊದಲರ್ಧ: ಕೃತಿಗಳ ಆಯ್ಕೆ, ಶಾಲೆಗಳ ಪಟ್ಟಿ, ಗುರುಗಳಿಗೆ ಪತ್ರ.
• ಆಗಸ್ಟ್–ಅಕ್ಟೋಬರ್: ಆ ಕೃತಿಗಳನ್ನು ಜನರ ಮುಂದೆ ನುಡಿಸುವುದು, ಇಂಗ್ಲಿಷ್ ಪರೀಕ್ಷೆ, ಶಿಫಾರಸು ಪತ್ರಗಳು.
• ನವೆಂಬರ್: ವಿಡಿಯೊ ಮುಗಿಸುವುದು.
• ಡಿಸೆಂಬರ್ 1: ಹಲವು ಸಂಗೀತ ಶಾಲೆಗಳಿಗೆ ಅರ್ಜಿಯ ಕೊನೆಯ ದಿನ.
• ಜನವರಿ–ಮಾರ್ಚ್: ಆಡಿಷನ್‌ಗಳು.
• ಏಪ್ರಿಲ್ 15: ನೆರವಿನ ಸಮೇತ ಬಂದ ಪ್ರವೇಶಕ್ಕೆ ಉತ್ತರ ಕೊಡಲು ಬಹುತೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ದಿನ. ಅದಕ್ಕೂ ಮೊದಲೇ ಒಪ್ಪಿಗೆ ಕೊಡಬೇಕೆಂಬ ಕಟ್ಟುಪಾಡಿಲ್ಲ.

ಹಣದ ಮಾತು

ಅಮೆರಿಕದ ಶುಲ್ಕವನ್ನು ಪೂರ್ತಿ ಕೈಯಿಂದ ಕಟ್ಟಿ ಪಿಯಾನೊ ಓದುವುದು ಬಹುಪಾಲು ಕುಟುಂಬಗಳಿಗೆ ಆಗದ ಮಾತು. ಆ ಸಾಲವನ್ನು ಸಂಗೀತ ಶಿಕ್ಷಕರ ಆದಾಯದಲ್ಲಿ ತೀರಿಸುವುದೂ ಕಷ್ಟ. ಹೀಗಾಗಿ ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಸಿಗುವುದೇ ಎಂಬುದು ನಿರ್ಣಾಯಕ. ವಾರಕ್ಕೆ 10 ಅಥವಾ 20 ಗಂಟೆ ಗುಂಪು ಪಿಯಾನೊ ಕಲಿಸಿದರೆ ಅಥವಾ ಗಾಯಕರಿಗೆ ಜೊತೆ ನುಡಿಸಿದರೆ ಶುಲ್ಕ ಭಾಗಶಃ ಅಥವಾ ಪೂರ್ತಿ ಮನ್ನಾ ಆಗುತ್ತದೆ. ತಿಂಗಳಿಗಿಷ್ಟು ಎಂದು ಸ್ಟೈಪೆಂಡ್ ಬರುತ್ತದೆ. ನೆರವಿನ ಪತ್ರ ಬಂದಾಗ ನಾಲ್ಕು ವಿಷಯ ನೋಡಬೇಕು: ಶುಲ್ಕದಲ್ಲಿ ಎಷ್ಟು ಪಾಲು ಮನ್ನಾ, ಶುಲ್ಕದ ಹೊರಗಿನ ಇತರ ಬಾಬ್ತುಗಳೆಷ್ಟು, ಆರೋಗ್ಯ ವಿಮೆ ಯಾರ ಹೊಣೆ, ಎರಡನೆಯ ವರ್ಷಕ್ಕೂ ನೆರವು ಮುಂದುವರಿಯುವುದೇ.

ಶುಲ್ಕವೇ ಇಲ್ಲದ ಅಪರೂಪದ ಶಾಲೆಗಳೂ ಇವೆ. ಯೇಲ್ ವಿಶ್ವವಿದ್ಯಾಲಯದ ಸಂಗೀತ ಶಾಲೆ 2005ರಲ್ಲಿ ಬಂದ ಹತ್ತು ಕೋಟಿ ಡಾಲರ್ ದೇಣಿಗೆಯ ಬಲದಿಂದ ತನ್ನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ತೆಗೆದುಹಾಕಿತು. ಅಲ್ಲಿ ಸೀಟುಗಳು ಕೆಲವೇ, ಸ್ಪರ್ಧೆ ತೀವ್ರ. ಒತ್ತು ವಾದನದ ಮೇಲೆ.

ಎಫ್-1 ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅನುಮತಿ ಇಲ್ಲದೆ ಹೊರಗೆ ಮನೆಪಾಠ ಹೇಳಿ ಹಣ ಪಡೆಯುವುದು ವೀಸಾ ನಿಯಮದ ಉಲ್ಲಂಘನೆ. ಪಿಯಾನೊ ಕಲಿಸಬಲ್ಲವರಿಗೆ ಇಂಥ ಅವಕಾಶ ಸುಲಭವಾಗಿ ಒದಗಿಬರುವುದರಿಂದ ಈ ಎಚ್ಚರ ಬಹಳ ಮುಖ್ಯ. ಪದವಿ ಮುಗಿದ ಮೇಲೆ ಓದಿಗೆ ಸಂಬಂಧಿಸಿದ ಕೆಲಸ ಮಾಡಲು 12 ತಿಂಗಳ ಅವಧಿಗೆ ಅನುಮತಿ ಕೇಳಬಹುದು. ವಿಜ್ಞಾನ, ತಂತ್ರಜ್ಞಾನ ಪದವೀಧರರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಸಂಗೀತ ವಾದನದ ಪದವಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಶಾಲೆಯ ಆಯ್ಕೆ

ಹೆಸರಾಂತ ಕನ್ಸರ್ವೇಟರಿಗಳಲ್ಲಿ ವಾದನದ ಮಟ್ಟ ಎತ್ತರದ್ದು. ಆದರೆ ವಾದನ ಮತ್ತು ಬೋಧನೆ ಎರಡನ್ನೂ ಸರಿಸಮವಾಗಿ ಕಲಿಸುವ ಕೆಲಸ ಹೆಚ್ಚಾಗಿ ನಡೆದಿರುವುದು ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ. ಮಿಷಿಗನ್, ಓಕ್ಲಹೋಮ, ಸೌತ್ ಕ್ಯಾರೊಲಿನಾ, ಬೋಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯಗಳು ಈ ಬಗೆಯ ಓದಿಗೆ ಹೆಸರಾದವು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಟೆಕ್ಸಸ್ ರಾಜ್ಯದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಇದೆ.

ಸಂಸ್ಥೆಯ ಹೆಸರಿಗಿಂತ ಗುರು ಯಾರು ಎಂಬುದು ಮುಖ್ಯ. ಎರಡು ವರ್ಷ ವಾರವಾರವೂ ಎದುರು ಕೂರಬೇಕಾದವರು ಅವರು. ಅರ್ಜಿ ಹಾಕುವ ಮೊದಲು ಅವರಿಗೆ ವಿನಯದಿಂದ ಬರೆದು, ಒಂದು ಪ್ರಾಯೋಗಿಕ ಪಾಠ ಆನ್‌ಲೈನಿನಲ್ಲಾದರೂ ಸಿಗಬಹುದೇ ಎಂದು ಕೇಳುವುದು ಅಲ್ಲಿ ರೂಢಿ. ಈಗ ಓದುತ್ತಿರುವ ವಿದ್ಯಾರ್ಥಿಗಳನ್ನೂ ಕೇಳಿ ತಿಳಿಯಬೇಕಾದ ಸಂಗತಿಗಳಿವೆ: ಬೋಧನಾಭ್ಯಾಸದಲ್ಲಿ ಪ್ರಾಧ್ಯಾಪಕರು ನಿಜವಾಗಿ ಪಾಠಕ್ಕೆ ಬಂದು ಕೂರುತ್ತಾರೋ, ಮಕ್ಕಳು, ವಯಸ್ಕರು, ಗುಂಪು ಎಂದು ಎಲ್ಲ ಬಗೆಯ ಕಲಿಯುವವರಿಗೂ ಪಾಠ ಹೇಳುವ ಅವಕಾಶ ಇದೆಯೋ, ಅಭ್ಯಾಸದ ಕೋಣೆಗಳಲ್ಲಿ ಗ್ರ್ಯಾಂಡ್ ಪಿಯಾನೊಗಳಿವೆಯೋ, ಹಿಂದಿನ ಐದು ವರ್ಷದಲ್ಲಿ ಪದವಿ ಪಡೆದವರು ಈಗ ಏನು ಮಾಡುತ್ತಿದ್ದಾರೆ. ಇವಕ್ಕೆ ಸ್ಪಷ್ಟ ಉತ್ತರ ಸಿಗುವ ಶಾಲೆಯೇ ಆರಿಸಲು ತಕ್ಕದ್ದು.

ಅಮೆರಿಕದ ಹೊರಗೂ ದಾರಿಗಳಿವೆ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಪಿಯಾನೊ ಬೋಧನೆಗೆಂದೇ 2005ರಿಂದ ಸಂಶೋಧನಾ ಪ್ರಯೋಗಶಾಲೆ ಇದೆ. ಜರ್ಮನಿಯ ಹಲವು ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಶುಲ್ಕ ತೀರಾ ಕಡಿಮೆ. ಆದರೂ ಬಾಡೆನ್-ವುರ್ಟೆಂಬೆರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯುರೊ ಪಡೆಯುವ ನಿಯಮವನ್ನು 2017ರಲ್ಲಿ ತಂದಿತು. ಆದರೆ ಅಲ್ಲಿ ಬೋಧನೆ ಕಲಿಯಬೇಕಾದರೆ ಜರ್ಮನ್ ಮಕ್ಕಳಿಗೆ ಜರ್ಮನ್ ಭಾಷೆಯಲ್ಲೇ ಪಾಠ ಹೇಳಬೇಕು.

ಕೈಯ ಆರೋಗ್ಯ

ಸ್ನಾತಕೋತ್ತರ ಓದಿನಲ್ಲಿ ಅಭ್ಯಾಸದ ಗಂಟೆಗಳು ಒಮ್ಮೆಲೇ ಏರುತ್ತವೆ. ಸ್ನಾಯುಬಂಧದ ಉರಿಯೂತ, ಮಣಿಕಟ್ಟಿನ ನೋವು ಬರುವುದು ಸಾಮಾನ್ಯವಾಗಿ ಇಂಥ ಏರಿಕೆಯಿಂದಲೇ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ 1960ರ ದಶಕದಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗ, ಬಲಗೈಯ ಬೆರಳುಗಳ ಹಿಡಿತ ಕಳೆದುಕೊಂಡರು. ಅದು ಫೋಕಲ್ ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅವರು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ಬಾಲ್ಟಿಮೋರಿನ ಪೀಬಾಡಿ ಸಂಗೀತ ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದರು, 1990ರ ದಶಕದಲ್ಲಿ ಎರಡೂ ಕೈಯ ವಾದನಕ್ಕೆ ಮರಳಿದರು. ನೋವನ್ನು ಸಾಧನೆಯ ಗುರುತು ಎಂದು ಸಹಿಸಿಕೊಳ್ಳಬಾರದು. ಅಭ್ಯಾಸದ ನಡುವೆ ಬಿಡುವು, ಪೀಠದ ಸರಿಯಾದ ಎತ್ತರ, ನೋವು ಕಂಡ ಕೂಡಲೇ ಗುರುವಿಗೂ ವೈದ್ಯರಿಗೂ ತಿಳಿಸುವುದು, ಇಷ್ಟು ಕಡ್ಡಾಯ. ನಾಳೆ ಶಿಷ್ಯರ ಕೈ ಕಾಯಬೇಕಾದ ಶಿಕ್ಷಕರಿಗೆ ಇದು ಪಠ್ಯದ ಭಾಗವೂ ಹೌದು.

ಕರ್ನಾಟಕದ ನೆಲೆ

ಪಿಯಾನೊ ಈ ನಾಡಿಗೆ ಅಪರಿಚಿತವಲ್ಲ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪು, ಅನಾರೋಗ್ಯದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ಈ ಮಹಾರಾಜರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದರು. ಬೆಂಗಳೂರಿನಲ್ಲಿ ಅರುಣಾ ಸುಂದರ್‌ಲಾಲ್ 1987ರಲ್ಲಿ ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಪಾಶ್ಚಾತ್ಯ ಸಂಗೀತಕ್ಕೆ ಒಂದು ನೆಲೆ ಕೊಟ್ಟಿತು. ನೆರೆಯ ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ತೆರೆದರು.

ಇಲ್ಲಿ ಕಲಿಯುವ ಮಕ್ಕಳಲ್ಲಿ ಅನೇಕರು ವರ್ಷಕ್ಕೆ ಮೂರು ಕೃತಿ, ಕೆಲವು ಸ್ಕೇಲ್‌ಗಳು ಎಂಬಂತೆ ಗ್ರೇಡ್ ಪರೀಕ್ಷೆಯ ಸುತ್ತಲೇ ಬೆಳೆಯುತ್ತಾರೆ. ಪರೀಕ್ಷೆಯ ಆಚೆಗೂ ಓದಿಸಬಲ್ಲ, ನೋಡಿದೊಡನೆ ನುಡಿಸುವುದನ್ನು ರೂಢಿಸಬಲ್ಲ, ಕಿವಿಯನ್ನು ಬೆಳೆಸಬಲ್ಲ ಶಿಕ್ಷಕರು ನಮಗೆ ಬೇಕು. ಬೋಧನೆಯ ಸ್ನಾತಕೋತ್ತರ ಪದವಿ ಪಡೆದು ಮರಳುವವರು ಮಕ್ಕಳಿಗೆ ಕಲಿಸುವುದರ ಜೊತೆಗೆ ಇತರ ಶಿಕ್ಷಕರಿಗೂ ತರಬೇತಿ ಕೊಡಬಲ್ಲರು.

ಪದವಿಯ ನಂತರ

ಅಮೆರಿಕದ ಕಾಲೇಜುಗಳ ಕಾಯಂ ಹುದ್ದೆಗಳಿಗೆ ಈಗ ಸಾಮಾನ್ಯವಾಗಿ ಡಾಕ್ಟರೇಟ್ ಕೇಳುತ್ತಾರೆ. ಹುದ್ದೆಗಳು ಕಡಿಮೆ, ಅರ್ಜಿದಾರರು ಹೆಚ್ಚು. ಅವುಗಳಲ್ಲಿ ಗುಂಪು ಪಿಯಾನೊ ಮತ್ತು ಪೆಡಗಾಜಿ ಕಲಿಸಬೇಕಾದ ಹುದ್ದೆಗಳಿಗೆ ವಾದನ, ಬೋಧನೆ ಎರಡನ್ನೂ ಕಲಿತವರು ಹೆಚ್ಚು ಸಜ್ಜಾಗಿರುತ್ತಾರೆ. ಎಂ.ಎಂ. ಪದವೀಧರರಿಗೆ ಸಮುದಾಯ ಸಂಗೀತ ಶಾಲೆಗಳು, ಸ್ವಂತ ಸ್ಟುಡಿಯೊ, ಜೊತೆ ನುಡಿಸುವ ಕೆಲಸ, ಚರ್ಚಿನ ಸಂಗೀತ ಸೇವೆ ದಾರಿಗಳಾಗಿವೆ. ಭಾರತದಲ್ಲಿ ಅಂತರರಾಷ್ಟ್ರೀಯ ಶಾಲೆಗಳು, ಸಂಗೀತ ಸಂಸ್ಥೆಗಳು ಮತ್ತು ಖಾಸಗಿ ಪಾಠ ಮುಖ್ಯ.

ಈ ಎಲ್ಲ ಕೆಲಸಗಳಿಗೂ ಒಂದು ಕಡತ ಬೇಕಾಗುತ್ತದೆ: ಕಛೇರಿಯ ಧ್ವನಿಮುದ್ರಣಗಳು, ಮಗು, ವಯಸ್ಕ, ಗುಂಪು, ಹೀಗೆ ಬೇರೆಬೇರೆ ಪಾಠಗಳ ವಿಡಿಯೊಗಳು, ತಾವೇ ತಯಾರಿಸಿದ ಪಠ್ಯಯೋಜನೆಗಳು, ಪಾಠವನ್ನು ಕಣ್ಣಾರೆ ನೋಡಿದ ಪ್ರಾಧ್ಯಾಪಕರ ಪತ್ರ. ಇವನ್ನು ಪದವಿಯ ಮೊದಲ ಸೆಮಿಸ್ಟರಿನಿಂದಲೇ ಕೂಡಿಡುತ್ತಾ ಬರಬೇಕು. ಓದು ಮುಗಿದ ಮೇಲೆ ಎಂಟಿಎನ್‌ಎ ಪ್ರಮಾಣಪತ್ರ ಪಡೆಯುವುದು, ಫ್ರಾನ್ಸಿಸ್ ಕ್ಲಾರ್ಕ್ ಕೇಂದ್ರ ನಡೆಸುವ ಕೀಬೋರ್ಡ್ ಬೋಧನೆಯ ರಾಷ್ಟ್ರೀಯ ಸಮ್ಮೇಳನದಲ್ಲಿ ಭಾಗವಹಿಸುವುದು, ವರ್ಷಕ್ಕೊಂದಾದರೂ ಕಛೇರಿ ಕೊಡುತ್ತಿರುವುದು ವಾದನ ಮತ್ತು ಬೋಧನೆ ಎರಡನ್ನೂ ಹರಿತವಾಗಿ ಉಳಿಸುತ್ತವೆ.